ಬಿಳಿ ಲಾಡಿ

ಆ ಜಾಗಕ್ಕೆ ಹೋಗುವ ಹಾಗಿಲ್ಲ.
ಗೆದ್ದಿದ್ದೆವು. ಆಮೇಲೆ ದೊಡ್ಡವರು ಕೂತು
ಕಾಗದ ಬರೆದು ಹಿಂದಕ್ಕೆ ಕೊಟ್ಟರು.
ನದಿಯಾಚೆಯ ಆ ಕಬ್ಬಿನ ಗದ್ದೆ ಈಗ ಪರದೇಶ.
ದಾನಿಯೇಲ್ ಎರಡು ಸಲ ಅರ್ಜಿ ಹಾಕಿದ,
ಪ್ರಯಾಣದ ಉದ್ದೇಶ ಅನ್ನುವ ಕಡೆ
'ನೋಡಿ ಬರಲು' ಅಂತ ಬರೆದ.
ಉತ್ತರ ಬರಲಿಲ್ಲ.

ಹಾಗಾಗಿ ಈ ಡಿಸೆಂಬರಿನಲ್ಲಿ ನಾವು ಮೂವರು
ಹೋಳೂರಿಗೆ ಬಂದೆವು, ಸೊಣ್ಣಪ್ಪನ ಹೊಲಕ್ಕೆ.
ಅವನು ಬಿದ್ದ ಮಣ್ಣಿಗೂ ಈ ಮಣ್ಣಿಗೂ
ಬಣ್ಣದಲ್ಲಿ ಸಹ ಹೋಲಿಕೆಯಿಲ್ಲ:
ಅದು ಬೂದಿ, ಇದು ಕೆಂಪು.
ಕೋಲಾರದಿಂದ ಅರ್ಧ ಗಂಟೆಯ ಬಸ್ಸು.
ನಮಗೆ ಐವತ್ತೆರಡು ವರ್ಷ ಹಿಡಿಯಿತು.

ಕೆರೆ ತುಂಬಿದೆ, ಬೆಂಗಳೂರು ಬಳಸಿ ಬಿಟ್ಟ ನೀರು.
ಅಮೀರ್‌ಜಾನ್ ಮೂಸಿ ನೋಡಿ 'ಪರವಾಗಿಲ್ಲ' ಅಂದ.
ಏರಿ ಇಳಿದದ್ದೇ ತಡ, ಯಾರೂ ಹೇಳದೆ
ಒಬ್ಬರ ಹಿಂದೆ ಒಬ್ಬರಾದೆವು,
ಮುಂದಿನವನ ಹೆಜ್ಜೆಯ ಮೇಲೇ ಹಿಂದಿನವನ ಹೆಜ್ಜೆ.
ಡೇರಿಗೆ ಹಾಲು ಹಾಕಿ ಬರುತ್ತಿದ್ದ ಹುಡುಗ
ಖಾಲಿ ಕ್ಯಾನು ಕುಲುಕಿಸಿ ನಕ್ಕ:
'ಏನ್ ತಾತ, ರೈಲಾಟಾನಾ?'

ಟೊಮೆಟೊ ಹೊಲ. ಗಿಡ ಇನ್ನೂ ಮೊಣಕಾಲೆತ್ತರ.
ಸಾಲುದ್ದಕ್ಕೂ ನೀಲಗಿರಿ ಗೂಟ,
ಗೂಟದಿಂದ ಗೂಟಕ್ಕೆ ಬಿಳಿ ದಾರ.
ನಿಂತುಬಿಟ್ಟೆವು.

ಆ ರಾತ್ರಿಯೂ ಇಷ್ಟೇ: ಗೂಟ, ಬಿಳಿ ಲಾಡಿ, ಮಂಜು,
ಬಯೊನೆಟ್ಟಿನ ಮೊನೆಯಲ್ಲಿ ನೆಲ ತಡವುತ್ತ
ಮೊಣಕಾಲಲ್ಲಿ ಮುಂದೆ ಸರಿಯುವುದು.
ಚಿನ್ನದ ಗಣಿಯಲ್ಲಿ ಅಪ್ಪನನ್ನು ಕಳೆದುಕೊಂಡ ದಾನಿಯೇಲ್
'ನಮ್ಮನೇಲಿ ಮೈನು ಅಂದ್ರೆ ಒಂದೇ ಅರ್ಥ ಇತ್ತು' ಅಂದ.
ಸೊಣ್ಣಪ್ಪ ಲಾಡಿಯ ಉಂಡೆ ಬಿಚ್ಚುತ್ತ,
'ಇಷ್ಟುದ್ದ! ಯಾವ ರಾಕ್ಷಸನ ಚಡ್ಡಿಗೋ.'
ನಗುವನ್ನು ಬಾಯಲ್ಲೇ ನುಂಗಿದೆವು.
ಹಿಂದೆ ಟ್ಯಾಂಕುಗಳು, ಹಾಲು ಕರೆಯದ ಎಮ್ಮೆಗಳ ಹಾಗೆ
ಗುಟುರು ಹಾಕುತ್ತ ಕಾಯುತ್ತಿದ್ದವು.

ಹನ್ನೊಂದನೇ ಗೂಟ ನಾನು ಹೊಡೆದದ್ದು.
ಕೈ ಮರಗಟ್ಟಿತ್ತು. ಲಾಡಿ ಅಲ್ಲಿ
ಒಂಚೂರು ಜೋತು ಹೊರಕ್ಕೆ ವಾಲಿತ್ತು.
ಒಂಚೂರು. ಒಂದು ಪಾದದಷ್ಟು.
ಸೊಣ್ಣಪ್ಪ ಲಾಡಿಯ ಒಳಗೇ ಕಾಲಿಟ್ಟ.

ವರದಿಯಲ್ಲಿ ಬರೆದದ್ದು: ಶತ್ರುವಿನ ನೆಲಬಾಂಬು.
ಸುಳ್ಳಲ್ಲ.

ಪಾಪಕ್ಕ ಯಾರು ಏನು ಅಂತ ಕೇಳಲಿಲ್ಲ.
ನಾವು ಬಂದ ಬಗೆ ನೋಡಿಯೇ ಗುರುತು ಹಿಡಿದಳೋ ಏನೋ.
'ಕೈ ಖಾಲಿ ಇದ್ರೆ ಈ ದಾರ ಹಿಡೀರಿ' ಅಂದಳು.
ಹಿಡಿದೆ.
ಆ ಕಡೆಯ ಗೂಟಕ್ಕೆ ಗಂಟು ಹಾಕುತ್ತ,
ಬೆನ್ನು ನನ್ನ ಕಡೆಗಿಟ್ಟೇ:
'ಬಿಗಿಯಾಗಿ ಹಿಡಿಯಪ್ಪ. ಸಡಿಲ ಬಿಟ್ರೆ
ಒಂದ್ ಗಿಡ ಅಲ್ಲ, ಸಾಲೇ ಮಲಗುತ್ತೆ.'

ಹೇಳಬೇಕೆಂದೇ ಬಂದಿದ್ದೆ.
ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ.
'ಅಕ್ಕಾ' ಅಂದೆ.
'ಹ್ಞೂಂ' ಅಂದಳು, ಹಲ್ಲಲ್ಲಿ ದಾರ ಕಡಿಯುತ್ತ.
'ಗೂಟ...' ಅಂದೆ.
'ಅಗೋ ಅಲ್ಲಿದೆ ಕಂತೆ, ಬೇಕಾದಷ್ಟು ತಗೋ.'

ಮಜ್ಜಿಗೆ ತರುತ್ತೇನೆಂದು ಹೊರಟವಳು
ಸಾಲು ಹಿಡಿದು ಹೋಗಲಿಲ್ಲ.
ಸೀರೆ ಎತ್ತಿ ಸಿಕ್ಕಿಸಿ, ದಾರ ದಾಟಿ,
ಅಡ್ಡಡ್ಡ, ಬರಿಗಾಲಲ್ಲಿ,
ಗುರುತೇ ಇಲ್ಲದ ಮಣ್ಣಿನ ಮೇಲೆ ನಡೆದಳು.

ಮೂವರ ಕೈಗಳೂ ಒಟ್ಟಿಗೆ ಮೇಲೆದ್ದವು.
ಅಮೀರ್‌ಜಾನನ ಗಂಟಲಿಂದ ಹಳೆಯ ಹುಕುಂ: 'ರುಕೋ!'
ಅವಳು ತಿರುಗಲಿಲ್ಲ.
ಒಂದು ಸಾಲು, ಇನ್ನೊಂದು. ಏಳರವರೆಗೆ ಎಣಿಸಿದೆ.
ಮಣ್ಣು ಸುಮ್ಮನಿತ್ತು.

ಎತ್ತಿದ ಕೈಯಲ್ಲೂ ದಾರದ ತುದಿ ಬಿಟ್ಟಿರಲಿಲ್ಲ ನಾನು,
ಬೆರಳು ಕೊಯ್ಯುವಷ್ಟು ಬಿಗಿ.
ದಾನಿಯೇಲ್ ಅದನ್ನೇ ನೋಡಿದ.
'ಬಿಡೋ' ಅಂದ, ಮೆಲ್ಲಗೆ.
ಇವನಿಗೂ ಗೊತ್ತಿತ್ತೇ? ಎಂದಿನಿಂದ?

ಬಿಡಲಿಲ್ಲ.
ಈ ತುದಿಗೆ ಇನ್ನೂ ಗಂಟು ಬಿದ್ದಿರಲಿಲ್ಲ.